ಲೀಲಕ್ಕ ಬಸ್ಸು ಹತ್ತಿದ ಬೇಸಿಗೆ

ಬಸ್ಸಿನ ಆಯಾಗಳಿಗೆ ಮಕ್ಕಳ ಮನಸ್ಸಿನ ಬಗ್ಗೆ ತರಬೇತಿ ಕೊಡುವುದು ಆಗದ ಹೋಗದ ಮಾತು ಎಂದು ಮೊದಲು ಹೇಳಿದವರು ನಮ್ಮ ಶಾಲೆಯ ಬಸ್ಸುಗಳನ್ನು ನೋಡಿಕೊಳ್ಳುವ ಲ್ಯಾನ್ಸಿ ಸರ್. ಎರಡನೆಯವಳು ನಾನು. ಮೂರನೆಯವರು ಲೀಲಕ್ಕ, ಯಾರ ಸಲುವಾಗಿ ಆಮೇಲೆ ಅಷ್ಟೆಲ್ಲ ಓಡಾಡಿದೆವೋ ಆ ಲೀಲಕ್ಕನೇ.

ಲ್ಯಾನ್ಸಿ ಸರ್ ಹೇಳಿದ್ದು ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರು, ಜೋರಾಗಿ. "ಎಂತ ಮಾರಾಯ್ರೆ, ಏಳನೇ ಕ್ಲಾಸ್ ಕಲಿತವರಿಗೆ ಸೈಕಾಲಜಿ ಹೇಳಿಕೊಡ್ತೀರಾ? ಮಕ್ಕಳನ್ನು ಹತ್ತಿಸುದು, ಬೆಲ್ಟ್ ಹಾಕುದು, ಇಳಿಸುದು. ಅಷ್ಟು ಸರಿ ಮಾಡಿದ್ರೆ ಸಾಕು." ಅವರು ಮಂಗಳೂರಿನವರು, ಮಾತು ಗಟ್ಟಿ, ಮನಸ್ಸಿನಲ್ಲಿ ಇಟ್ಟುಕೊಳ್ಳುವವರಲ್ಲ. ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ತರಬೇತಿಯ ಪಟ್ಟಿ ಬರೆಯುವ ಕೆಲಸ ನನ್ನದಾಗಿತ್ತು. ಅದರಲ್ಲಿ ಆಯಾಗಳ ಹೆಸರು ಬರೆಯಲಿಲ್ಲ, ಅಷ್ಟೆ.

ಇದು ನಡೆದು ಬಹಳ ವರ್ಷವೇನೂ ಆಗಿಲ್ಲ. ಮೊನ್ನೆ ಮಸ್ಕತ್‌ನಲ್ಲಿ ದಾರ್ಸೈಟ್‌ನಿಂದ ಅಮೇರಾತ್‌ಗೆ ಟ್ಯಾಕ್ಸಿಯಲ್ಲಿ ಹೋಗುತ್ತಿದ್ದೆ. ಬೆಟ್ಟದ ರಸ್ತೆ ಇಳಿಯುವಾಗ ನಾಲ್ಕು ಹನಿ ಬಿತ್ತು. ಚಾಲಕ ಖುಷಿಯಿಂದ ಕಿಟಕಿ ಇಳಿಸಿದ. ಒದ್ದೆ ಧೂಳಿನ ವಾಸನೆ, ಅದರ ಬೆನ್ನಿಗೇ ನೆಂದ ರೆಕ್ಸಿನ್ ಸೀಟಿನ ವಾಸನೆ. ನನ್ನ ಕೈ ತಾನಾಗಿ ಫೋನ್ ತೆಗೆದು ಹವಾಮಾನ ನೋಡಿತು, ಇಟ್ಟಿತು, ಮತ್ತೆ ತೆಗೆಯಿತು. "ನಾಲ್ಕು ಹನಿ ಸಿಸ್ಟರ್, ಖಲಾಸ್," ಎಂದು ಅವನು ನಕ್ಕ. ಈ ದೇಶದಲ್ಲಿ ಮಳೆ ಬಂದರೆ ಜನ ಮನೆಯಿಂದ ಹೊರಗೆ ಬಂದು ನಿಂತು ನೋಡುತ್ತಾರೆ. ನಾನೂ ಹಾಗೆ ನೋಡಿದವಳೇ. ಆ ವರ್ಷದ ಮೇಲೆ ಆಗುತ್ತಿಲ್ಲ. ಮಳೆಯ ವಾಸನೆ ಬಂದರೆ ಸುತ್ತಲಿರುವವರ ತಲೆ ಎಣಿಸಲು ಶುರು ಮಾಡುತ್ತೇನೆ.

ನನ್ನ ಬಗ್ಗೆ ಎರಡು ಮಾತು ಹೇಳದಿದ್ದರೆ ಆ ಪಟ್ಟಿಯ ತಪ್ಪು ಯಾರಿಗೂ ಅರ್ಥವಾಗುವುದಿಲ್ಲ. ನಮ್ಮಪ್ಪ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲ. ಅವ್ವ ಅಲ್ಲೇ ಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಮನೆ ತುಂಬ ಘಾಟು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಓದಿದವಳು ನಾನು. ಅಪ್ಪ ಕೈ ಎಷ್ಟು ತೊಳೆದರೂ ನನ್ನ ಪುಸ್ತಕ ಮುಟ್ಟುತ್ತಿರಲಿಲ್ಲ. ಹಾಳೆಗೆ ಖಾರ ಹತ್ತಿ, ಪರೀಕ್ಷೆಯ ಹೊತ್ತಿಗೆ ಕಣ್ಣಿಗೆ ತಾಗೀತು ಎಂಬ ಹೆದರಿಕೆ. ಎರಡೂ ಕಡೆಯ ಬಳಗದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಬಿ.ಎ., ಬಿ.ಎಡ್., ಮದುವೆಯಾದ ಮೇಲೆ ಮನಃಶಾಸ್ತ್ರದಲ್ಲಿ ಎಂ.ಎ. ಗಂಡನಿಗೆ ದೂರದ ದುಕ್ಮ್‌ನಲ್ಲಿ ಕೆಲಸ. ಹದಿನೈದು ದಿನಕ್ಕೊಮ್ಮೆ ಕಂಪನಿ ಬಸ್ಸಿನಲ್ಲಿ ಬಂದು ಹೋಗುತ್ತಾರೆ. ನಾನು ಮಸ್ಕತ್‌ನ ಒಂದು ಇಂಡಿಯನ್ ಶಾಲೆಯಲ್ಲಿ ಕೌನ್ಸೆಲರ್. ಹೆಸರಿನ ಪಕ್ಕ ಆ ಮೂರು ಪದವಿ ಬರೆಯುವಾಗ ಪ್ರತಿ ಸಲವೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಇದರಲ್ಲಿ ನನಗೆ ನಾಚಿಕೆಯಿಲ್ಲ. ಆದರೆ ಆ ವರ್ಷ ಪಟ್ಟಿ ಮಾಡುವಾಗ ಮೊದಲ ಕಾಲಂ ಹೆಸರು, ಎರಡನೆಯದು ಪದವಿ ಎಂದು ಗೆರೆ ಎಳೆದೆ. ಎರಡನೇ ಕಾಲಂ ತುಂಬಲಾರದವರು ತಾವಾಗಿಯೇ ಹೊರಗುಳಿದರು.

ಆ ಪಟ್ಟಿಗೆ ಕಾರಣವಾದ ದಿನ ಬೆಳಿಗ್ಗೆಯಿಂದಲೇ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಶಾಲೆ ಬೇಗ ಬಿಡಿ ಎಂದು ಸೂಚನೆ ಬಂತು. ಬಸ್ಸುಗಳು ಹತ್ತೂವರೆಗೆ ಹೊರಟವು. ನಾಲ್ಕನೇ ನಂಬರ್ ಬಸ್ಸು ಅಮೇರಾತ್ ಕಡೆಯದು. ಅದರಲ್ಲಿ ಹದಿನಾಲ್ಕು ಮಕ್ಕಳು, ಚಾಲಕ ಗುಲ್ ಭಾಯಿ, ಆಯಾ ಲೀಲಕ್ಕ. ದಾರಿಗೆ ಅಡ್ಡವಾಗಿ ಒಂದು ವಾದಿ. ವಾದಿ ಎಂದರೆ ವರ್ಷವಿಡೀ ಕಲ್ಲು ಮಾತ್ರ ಇರುವ ಒಣ ಹಳ್ಳ. ಬೆಟ್ಟದಲ್ಲಿ ಮಳೆಯಾದರೆ ಅರ್ಧ ಗಂಟೆಯಲ್ಲಿ ಹೊಳೆ. ಗುಲ್ ಭಾಯಿ ಪೇಶಾವರದ ಕಡೆಯವರು, ಇಪ್ಪತ್ತು ವರ್ಷದಿಂದ ಇಲ್ಲಿ ಗಾಡಿ ಓಡಿಸಿದವರು. ನೀರು ಕಂಡ ಕೂಡಲೇ ದಾಟದೆ ದಿಬ್ಬದ ಮೇಲೆ ಬಸ್ಸು ನಿಲ್ಲಿಸಿದರು. ಅದೇ ಮಕ್ಕಳನ್ನು ಉಳಿಸಿತು. ಆದರೆ ಹಿಂದಿನ ತಗ್ಗಿನಲ್ಲೂ ನೀರು ಏರಿತು. ಒಂದು ಗಾಲಿಯ ಕೆಳಗಿನ ಮಣ್ಣು ಕೊಚ್ಚಿ ಬಸ್ಸು ವಾಲಿತು. ಎರಡೂವರೆ ಗಂಟೆ ಅವರು ಹಾಗೇ ಇದ್ದರು. ಎದುರಿನಿಂದ ಒಂದು ಬಿಳಿ ಪಿಕಪ್ ದಾಟಲು ನೋಡಿತು. ದೀಪ ಉರಿಯುತ್ತಿದ್ದಂತೆಯೇ ಅದು ತೇಲಿ ಹೋಯಿತು.

ಲೀಲಕ್ಕ ಕಿಟಕಿಗಳ ಪರದೆ ಎಳೆದು, "ಖಾಲಿ ಗಾಡಿ ಮಕ್ಕಳೇ, ಒಳಗೆ ಯಾರೂ ಇಲ್ಲ, ಖಾಲಿ ಗಾಡಿ," ಎಂದು ಹೇಳುತ್ತಲೇ ಇದ್ದರಂತೆ. ಕೊನೆಗೆ ರಕ್ಷಣಾ ಪಡೆಯವರು ಹಗ್ಗ ಕಟ್ಟಿ ಒಬ್ಬೊಬ್ಬರನ್ನಾಗಿ ಹೆಗಲ ಮೇಲೆ ಇಳಿಸಿದರು. ಹದಿನಾಲ್ಕೂ ಮಕ್ಕಳು ಕ್ಷೇಮ. ಪಿಕಪ್ಪಿನಲ್ಲಿದ್ದ ಮನುಷ್ಯ ಮರುದಿನ ಕೆಳಗೆಲ್ಲೋ ಹೆಣವಾಗಿ ಸಿಕ್ಕಿದ.

ಎಲ್ಲರೂ ಕ್ಷೇಮ ಎಂಬ ಮಾತು ಎರಡು ದಿನ ಬಾಳಿಕೆ ಬಂತು. ಆಮೇಲೆ ಶಾಲೆಯಲ್ಲಿ ಯಾರೂ ಒಂದು ಕಡೆ ನೆಟ್ಟಗೆ ಕೂರಲಾಗದ ಹಾಗಾಯಿತು. ಕುರ್ಚಿ ಎಳೆದ ಸದ್ದಿಗೆ ಮಕ್ಕಳು ಎದ್ದು ನಿಲ್ಲುತ್ತಿದ್ದರು. ಎ.ಸಿ.ಯಿಂದ ನೀರು ತೊಟ್ಟಿಕ್ಕುವ ಬಕೆಟ್ ತುಂಬಿದ್ದನ್ನು ಕಂಡು ಒಬ್ಬ ಕ್ಲಾಸಿನಿಂದ ಓಡಿಹೋದ. ಐದನೇ ತರಗತಿಯ ಹಿಂದಿ ಟೀಚರ್, ಪಾಪ, ಕೆಟ್ಟ ಮನಸ್ಸಿನಿಂದಲ್ಲ, 'ನಾನು ಕಣ್ಣಾರೆ ಕಂಡ ಪ್ರವಾಹ' ಎಂದು ಪ್ರಬಂಧ ಬರೆಸಿದರು. ನಮ್ಮ ಶಾಲೆಗಳಲ್ಲಿ ಏನೇ ಆದರೂ ಮೊದಲು ಅದರ ಮೇಲೆ ಪ್ರಬಂಧ. ನಾಲ್ಕನೇ ಬಸ್ಸಿನ ಒಬ್ಬ ಹುಡುಗಿ ಶೀರ್ಷಿಕೆ ಬರೆದು, ಕೆಳಗೆ ಗೆರೆ ಎಳೆದು, ಪೆನ್ಸಿಲಿನಿಂದ ಹಾಳೆ ಹರಿಯುವ ತನಕ ತಿದ್ದುತ್ತ ಕೂತಳು. ಅದನ್ನು ನೋಡಿದ ಮೇಲೆಯೇ ಪ್ರಿನ್ಸಿಪಾಲರು ಆಸ್ಪತ್ರೆಯೊಂದರ ಮನೋವೈದ್ಯೆ ಡಾಕ್ಟರ್ ಮರಿಯಂ ಅವರನ್ನು ಶಾಲೆಯವರಿಗೆ ತರಬೇತಿ ಕೊಡಲು ಕರೆಸಿದ್ದು.

ಲೀಲಕ್ಕ ಪ್ರವಾಹದ ಮರುದಿನ ಎಂದಿನಂತೆ ಬಸ್ಸಿನ ಬಾಗಿಲಿಗೆ ಬಂದಿದ್ದರು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು, ತೆಗೆದರು. ಮತ್ತೆ ಇಡಲಿಲ್ಲ. ಕೆ.ಜಿ. ಮಕ್ಕಳ ಕಡೆ ಸಣ್ಣಪುಟ್ಟ ಕೆಲಸಕ್ಕೆ ಹಾಕಿದರು. ಅವರು ಮೂಡುಬಿದಿರೆಯ ಕಡೆಯವರು, ಒಂಬತ್ತು ವರ್ಷದಿಂದ ಅದೇ ಬಸ್ಸಿನ ಆಯಾ. ಗಂಡ ವಸಂತಣ್ಣ ರೂವಿಯ ಒಂದು ಹೊಟೇಲಿನಲ್ಲಿ ಅಡುಗೆಯವರು. ಲ್ಯಾನ್ಸಿ ಸರ್ ನನ್ನ ಕೋಣೆಗೇ ಬಂದು ಹೇಳಿದರು: "ನೋಡಿ ಮಂಜುಳಾ ಮೇಡಂ, ಬಸ್ಸಿನ ಆಯಾ ಅಂತ ಅವರ ವೀಸಾ. ಬಸ್ಸೇ ಹತ್ತುದಿಲ್ಲ ಅಂದ್ರೆ ನಾನು ರಿನ್ಯೂವಲ್‌ಗೆ ಎಂತ ಬರೀಲಿ? ಬೇಸಿಗೆ ರಜೆಯ ಒಳಗೆ ಹತ್ತಬೇಕು. ಇಲ್ಲದಿದ್ರೆ ಊರಿಗೆ."

ವಸಂತಣ್ಣನಂತೂ ತೀರ್ಮಾನ ಮಾಡಿಯೇ ಬಿಟ್ಟಿದ್ದರು. "ಜೀವ ಉಳಿದದ್ದೇ ದೊಡ್ಡದು ಟೀಚರ್. ಹತ್ತಿದ್ರೂ ಬೇಡ, ಹತ್ತದಿದ್ರೂ ಬೇಡ. ಊರಿಗೆ ಕಳಿಸ್ತೇನೆ." ಲೀಲಕ್ಕ ಪಕ್ಕದಲ್ಲಿ ನಿಂತು ಸೆರಗಿನ ತುದಿ ಸುತ್ತುತ್ತಿದ್ದರು. ಒಂದೇ ಕೇಳಿದರು: "ಆ ತನ್ವಿ ಯಾಕೆ ನನ್ನನ್ನು ಕಂಡ್ರೆ ಮುಖ ತಿರುಗಿಸ್ತಾಳೆ?"

ತನ್ವಿ ಅದೇ ಬಸ್ಸಿನವಳು, ಎರಡನೇ ತರಗತಿ. ಅಂದಿನಿಂದ ಬಸ್ಸಿಗೆ ಬರುತ್ತಿರಲಿಲ್ಲ. ಅಮ್ಮ ಕಾರಿನಲ್ಲಿ ಬಿಟ್ಟು ಓಡುತ್ತ ಆಫೀಸಿಗೆ ಹೋಗುತ್ತಿದ್ದಳು. ಮೊದಲು ಲೀಲಕ್ಕನ ಮಡಿಲು ಬಿಟ್ಟು ಏಳದ ಮಗು. ಕಾರಣ ಯಾರಿಗೂ ಗೊತ್ತಿರಲಿಲ್ಲ, ನನಗೂ.

ಮೊದಲ ತರಬೇತಿ ಗುರುವಾರ ಮಧ್ಯಾಹ್ನ ಒಂದೂವರೆಗೆ, ಲೈಬ್ರರಿಯಲ್ಲಿ. ಮೂವತ್ತೆರಡು ಜನ, ಎಲ್ಲರ ಎದುರು ಹೊಸ ನೋಟ್‌ಬುಕ್. ಡಾಕ್ಟರ್ ಮರಿಯಂ ಅವರದು ಕಪ್ಪು ಅಬಾಯಾ ನಿಲುವಂಗಿ, ಕಾಲಿಗೆ ಓಟದ ಶೂ, ಮಾತು ಚಿಕ್ಕದು. ಬಂದವರೇ ಕೇಳಿದರು: "ಅವತ್ತು ಬಸ್ಸಿನಲ್ಲಿ ಇದ್ದವರು ಯಾರು ಯಾರು? ಕೈ ಎತ್ತಿ."

ಒಂದು ಕೈಯೂ ಏಳಲಿಲ್ಲ. ಕಿಟಕಿಯಾಚೆ ಬಸ್ಸುಗಳು ಒಂದರ ಹಿಂದೊಂದು ಗೇಟು ದಾಟುತ್ತಿದ್ದವು. ಮಕ್ಕಳೊಂದಿಗೆ ಇದ್ದವರೆಲ್ಲ ಆ ಹೊತ್ತಿಗೆ ಮಕ್ಕಳನ್ನು ಮನೆಗೆ ಬಿಡಲು ಹೋಗಿರುತ್ತಾರೆ. ಶಾಲೆಯಲ್ಲೇ ಉಳಿದಿದ್ದ ಲೀಲಕ್ಕನ ಹೆಸರು ಪಟ್ಟಿಯಲ್ಲೇ ಇರಲಿಲ್ಲ. ಅವರು ಎಂದಿಗೂ ಬರಲಾಗದ ಹೊತ್ತನ್ನೇ ಹುಡುಕಿ ಇಟ್ಟಂತೆ ಇಟ್ಟಿದ್ದೆವು. ಡಾಕ್ಟರ್ ನನ್ನ ಕಡೆ ತಿರುಗಿದರು. "ಹಾಗಾದರೆ ನಾನು ಯಾರಿಗೆ ಕಲಿಸಲು ಬಂದಿದ್ದೇನೆ?"

ಅಪ್ಪ ನೆನಪಾದ. ಮಾರುಕಟ್ಟೆಯ ಆಫೀಸಿನಲ್ಲಿ ಮೆಣಸಿನಕಾಯಿಯ ಬಗ್ಗೆ ಸಭೆ ಕೂಡಿದಾಗ, ಚೀಲ ಮುಟ್ಟಿಯೇ ಕಾಯಿ ಎಷ್ಟು ಹಸಿ ಎಂದು ಹೇಳುತ್ತಿದ್ದ ಅಪ್ಪ ಹೊರಗೆ ಚೀಲದ ಮೇಲೆ ಕೂತಿರುತ್ತಿದ್ದ. ಅದು ನನಗೆ ಚಿಕ್ಕವಳಿದ್ದಾಗಲೇ ಸಿಟ್ಟು ಬರಿಸುತ್ತಿತ್ತು. ಈಗ ಅದೇ ಆಫೀಸಿನ ಬಾಗಿಲು ನಾನೇ ಹಾಕಿದ್ದೆ.

ಮರುವಾರ ಹೊತ್ತು ಬದಲಾಯಿತು. ಬೆಳಿಗ್ಗೆ ಮಕ್ಕಳನ್ನು ಇಳಿಸಿದ ಮೇಲೆ ಚಾಲಕರಿಗೂ ಆಯಾಗಳಿಗೂ ಮಧ್ಯಾಹ್ನದವರೆಗೆ ಬಿಡುವು. ಬಸ್ಸು ನಿಲ್ಲಿಸುವ ಅಂಗಳದಲ್ಲಿ ಹಸಿರು ನೆರಳುಬಲೆಯ ಕೆಳಗೆ ಕಾಗದದ ಲೋಟದಲ್ಲಿ ಕಡಕ್ ಚಹಾ ಕುಡಿಯುತ್ತ ಕೂತಿರುತ್ತಾರೆ. ಅಲ್ಲಿಗೇ ಹೋದೆವು. ಹದಿಮೂರು ಜನ. ಆದರೆ ಏಪ್ರಿಲ್ ಮುಗಿಯುತ್ತ ಬಂದಿತ್ತು. ಒಂಬತ್ತು ಗಂಟೆಗೇ ಬಿಸಿಲು ತಲೆಗೆ ಹೊಡೆಯುತ್ತಿತ್ತು. ಅಂಗಳದಲ್ಲಿ ತಣ್ಣಗಿನ ಜಾಗ ಒಂದೇ: ಎ.ಸಿ. ಹಾಕಿ ನಿಲ್ಲಿಸಿದ ಬಸ್ಸಿನ ಒಳಗೆ.

"ಪಿಕ್ನಿಕ್ಕಾ ಮೇಡಂ? ನಾನೂ ಬರ್ಲಾ?" ಎಂದು ಲ್ಯಾನ್ಸಿ ಸರ್ ದೂರದಿಂದ ಕೂಗಿದರು.

"ಬರ್ರಿ ಸರ್, ನಿಮಗೂ ಬೇಕಾಗೈತಿ!" ಎಂದೆ. ಅವರು ಬರಲಿಲ್ಲ.

ಲೀಲಕ್ಕ ಒಳಗೆ ಬರಲಿಲ್ಲ. ತೆರೆದ ಬಾಗಿಲಿನ ಹೊರಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡರು. "ನಾನು ಇಲ್ಲಿಂದಲೇ ಕೇಳ್ತೇನೆ. ನನಗೆಲ್ಲ ಇದು ಆಗುದಲ್ಲ, ಸುಮ್ಮನೆ ಕೂತ್ಕೊಳ್ಳುದು." ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಹಿಂದಿಗೆ ತರುತ್ತಿದ್ದೆ, ಆಮೇಲೆ ಬಾಗಿಲಿನತ್ತ ಬಗ್ಗಿ ಕನ್ನಡದಲ್ಲಿ. ಮಗು ಹೇಳುವಾಗ ನಡುವೆ ಬಾಯಿ ಹಾಕಬೇಡಿ. ಹೇಳದಿದ್ದರೆ ಹೇಳು ಎಂದು ಜಗ್ಗಬೇಡಿ. ಮೊದಲು ಕಿಟಕಿಯ ಪಕ್ಕ ಕೂರುತ್ತಿದ್ದ ಮಗು ಈಗ ನಡುವೆ ಕೂರುತ್ತದೆಯೇ, ಗಮನಿಸಿ, ಕೌನ್ಸೆಲರ್‌ಗೆ ತಿಳಿಸಿ. ಇಷ್ಟು ಹೇಳುವಷ್ಟರಲ್ಲಿ ಆಯಾಗಳೇ ಶುರು ಮಾಡಿದರು. ಯಾವ ಮಗು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತದೆ, ಯಾವುದು ಸೇತುವೆ ಬಂದರೆ ಕಿವಿ ಮುಚ್ಚುತ್ತದೆ. ನನ್ನ ಫೈಲಿನಲ್ಲಿ ಇವೊಂದೂ ಇರಲಿಲ್ಲ. ನಾನು ಬರೆದುಕೊಳ್ಳುತ್ತ ಹೋದೆ, ಕೈ ನೋಯುವ ತನಕ.

ಮೂರನೇ ವಾರ. ಮೇ ತಿಂಗಳ ಬಿಸಿಲಿಗೆ ಹೊರಗೆ ಕೂತ ಲೀಲಕ್ಕನ ಮುಖ ಕೆಂಪಾಗಿತ್ತು. ಗುಲ್ ಭಾಯಿ ಹಿಂದಿಯಲ್ಲಿ ಕರೆದರು: "ಒಳಗೆ ಬನ್ನಿ ಲೀಲಾ ಬೆಹನ್. ಈ ಬಸ್ಸು ಎಲ್ಲೂ ಹೋಗುವುದಿಲ್ಲ. ಕೀ ನನ್ನ ಜೇಬಿನಲ್ಲಿದೆ."

ಲೀಲಕ್ಕ ಅದೇ ಭಾಷೆಯಲ್ಲಿ ತಿರುಗಿ ಹೇಳಿದರು: "ಕೀ ಜೇಬಿನಲ್ಲಿದ್ದರೆ ಎ.ಸಿ. ಹೇಗೆ ಓಡುತ್ತದೆ ಭಾಯಿ? ಈ ವಯಸ್ಸಿನಲ್ಲಿ ಸುಳ್ಳು ಹೇಳ್ತೀರಲ್ಲ!"

ಎಲ್ಲರೂ ನಕ್ಕರು. ಲೀಲಕ್ಕನೂ ನಗಲು ಹೋದರು, ಅರ್ಧಕ್ಕೇ ನಿಲ್ಲಿಸಿದರು. ಡಾಕ್ಟರ್ ಅವರನ್ನೇ ನೋಡುತ್ತ ಆ ದಿನದ ಪಾಠ ಶುರು ಮಾಡಿದರು. ಮಗು ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ. ಗೊತ್ತಿದ್ದನ್ನು ಚಿಕ್ಕ ಮಾತಿನಲ್ಲಿ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ. ನಾನು ಕನ್ನಡಕ್ಕೆ ತಂದು ಮುಗಿಸುವ ಮೊದಲೇ ಲೀಲಕ್ಕ ಎದ್ದು ನಿಂತಿದ್ದರು.

"ಹೇಳಿ ಆಗಿದ್ರೆ ಎಂತ ಮಾಡುದು ಟೀಚರ್? ನಾನು ಖಾಲಿ ಗಾಡಿ ಅಂತ ಹೇಳಿದೆ. ನನಗೆ ಕಂಡಿತ್ತು. ಒಬ್ಬ ಇದ್ದ ಅದ್ರಲ್ಲಿ. ಮರುದಿನ ಮಕ್ಕಳ ಮನೆಯಲ್ಲೆಲ್ಲ ಸುದ್ದಿ ಗೊತ್ತಾಗಿದೆ. ಇನ್ನು ಯಾವ ಮುಖದಲ್ಲಿ ಹತ್ತುದು ಆ ಬಸ್ಸನ್ನು? ನೀರಿಗೆ ಹೆದರಿ ಅಲ್ಲ ನಾನು ಹತ್ತದೆ ಇದ್ದದ್ದು. ನೀರಿಗೂ ಹೆದರಿಕೆ ಉಂಟು. ಆದ್ರೆ ಅದು ಅಲ್ಲ."

ಅದನ್ನು ಹಿಂದಿಗೂ ಇಂಗ್ಲಿಷಿಗೂ ತಂದೆ. ಗುಲ್ ಭಾಯಿ ಸ್ಟಿಯರಿಂಗ್ ಮೇಲೆ ತಲೆ ಇಟ್ಟರು. ನಾನು ಹೇಳಿದ್ದನ್ನೆಲ್ಲ ಡಾಕ್ಟರ್ ಕೇಳಿಸಿಕೊಂಡರು. ಕೆಳಗಿಳಿದು ಬಿಸಿಲಿನಲ್ಲಿ ಲೀಲಕ್ಕನ ಎದುರು ನಿಂತರು. "ಅವತ್ತು ನೀವು ಅವರನ್ನು ಕಾಯುತ್ತಿದ್ದಿರಿ. ಅದು ತಪ್ಪಲ್ಲ. ಆದರೆ ಈಗ ನಿಜ ಹೇಳಬಹುದು."

"ಮಕ್ಕಳು ಹೆದರ್ತಾರೆ ಅಲ್ವಾ?"

"ಹೆದರಿಯೇ ಇದ್ದಾರೆ. ಒಬ್ಬೊಬ್ಬರೇ ಹೆದರಿದ್ದಾರೆ."

ತನ್ವಿಯ ಅಮ್ಮನನ್ನು ಒಪ್ಪಿಸಲು ನಾಲ್ಕು ದಿನ ಬೇಕಾಯಿತು. ನನ್ನ ಕೋಣೆಯಲ್ಲಿ ಸೇರಿದೆವು: ನಾನು, ತಾಯಿ, ಮಗು, ಲೀಲಕ್ಕ. ತನ್ವಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಲೀಲಕ್ಕ ಕುರ್ಚಿ ಬಿಟ್ಟು ನೆಲದ ಮೇಲೆ ಕೂತರು. ಹೇಳಿಕೊಟ್ಟದ್ದನ್ನೆಲ್ಲ ಮರೆತರು, ಅಥವಾ ಬಿಟ್ಟರು.

"ನಾನು ಅವತ್ತು ಸುಳ್ಳು ಹೇಳಿದ್ದು ಮಗಾ. ಗಾಡಿ ಖಾಲಿ ಇರ್ಲಿಲ್ಲ. ಒಬ್ಬರು ಇದ್ರು. ನೀವು ಹೆದರ್ತೀರಿ ಅಂತ ಹಾಗೆ ಹೇಳಿದೆ. ನನಗೂ ಹೆದರಿಕೆ ಆಗಿತ್ತು."

ನಡುವೆ ಬಾಯಿ ಹಾಕಬಾರದು ಎಂದು ಹದಿಮೂರು ಜನಕ್ಕೆ ಹೇಳಿಕೊಟ್ಟವಳು ತುಟಿ ಕಚ್ಚಿಕೊಂಡೆ.

"ಐ ನೋ," ಎಂದಳು ತನ್ವಿ ಗೋಡೆಗೆ. "ಐ ಸಾ ಹಿಸ್ ಹ್ಯಾಂಡ್. ಬಟ್ ಯೂ ಸೆಡ್ ನೋಬಡಿ."

ಅವಳ ಅಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ಆರು ವಾರದಿಂದ ಆ ಮಗು ಕೈ ಕಂಡದ್ದನ್ನು ಒಬ್ಬಳೇ ಹೊತ್ತುಕೊಂಡು ತಿರುಗಿದ್ದಳು. ತಾನು ನಂಬಿದ ಆಂಟಿ ಯಾರೂ ಇಲ್ಲ ಎಂದ ಮೇಲೆ ಯಾರಿಗೆ ಹೇಳುವುದು?

"ನೀನು ನೋಡಿದ್ದು ಸರಿ ಮಗಾ," ಎಂದರು ಲೀಲಕ್ಕ. "ನಾನೂ ನೋಡಿದ್ದೇನೆ. ಕೈ."

ತನ್ವಿ ತಿರುಗಿದಳು. "ಡಿಡ್ ಯೂ ಕ್ರೈ?"

"ಮನೆಗೆ ಹೋಗಿ. ತುಂಬ."

ಮಗು ಎದ್ದು ಹೋಗಿ ಅವರ ಮಡಿಲಿನಲ್ಲಿ ಕೂತಿತು. ಅಳಲಿಲ್ಲ. ಲೀಲಕ್ಕನ ಬಳೆಗಳನ್ನು ಮೊಣಕೈವರೆಗೆ ಏರಿಸಿ ಇಳಿಸುತ್ತ ಕೂತಿತು.

ಇಷ್ಟಾದ ಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ನಾನೂ ಸುಳ್ಳು ಹೇಳಿದಂತಾಗುತ್ತದೆ. ಕೊನೆಯ ತರಬೇತಿಯ ದಿನ ಬಿಸಿಗಾಳಿ ಬೀಸುತ್ತಿತ್ತು. ಪಾಠದ ನಡುವೆ ಲೀಲಕ್ಕ ಎದ್ದರು, ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು, ಯಾರನ್ನೂ ನೋಡದೆ ಹತ್ತಿ ಮೊದಲ ಸೀಟಿನಲ್ಲಿ ಕೂತರು. ಒಬ್ಬ ಆಯಾ ಚಪ್ಪಾಳೆಗೆ ಕೈ ಎತ್ತಿದಳು. ಡಾಕ್ಟರ್ ಕಣ್ಣಲ್ಲೇ ತಡೆದರು. ಇಪ್ಪತ್ತು ನಿಮಿಷ ಲೀಲಕ್ಕ ಎದುರಿನ ಕಂಬಿ ಹಿಡಿದೇ ಇದ್ದರು. ಆಮೇಲೆ ಇಳಿದು ನೆರಳುಬಲೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡರು. ಮರುದಿನ ಮತ್ತೆ ಹತ್ತಿದರು. ಅದರ ಮರುವಾರ ಗುಲ್ ಭಾಯಿ ವಾದಿ ತಪ್ಪಿಸಿ ಮೇಲಿನ ರಸ್ತೆಯಲ್ಲಿ ಬಸ್ಸು ತಂದರು, ಲೀಲಕ್ಕ ಒಳಗಿದ್ದರು. ತನ್ವಿ ವಾರದಲ್ಲಿ ಮೂರು ದಿನ ಬಂದಳು, ಎರಡು ದಿನ ಅಮ್ಮನ ಕಾರು. ಹಾಗೇ ನಡೆಯಿತು.

"ಸೈನ್ ಹಾಕಿದೆ ಮಾರಾಯ್ರೆ," ಎಂದು ಲ್ಯಾನ್ಸಿ ಸರ್ ಲೀಲಕ್ಕನ ಎರಡು ವರ್ಷದ ವೀಸಾ ರಿನ್ಯೂವಲ್ ಕಾಗದ ಬೀಸುತ್ತ ಬಂದರು. "ಇನ್ನು ನನ್ನ ತಲೆ ತಿನ್ನಬೇಡಿ. ಮತ್ತೆ ಒಂದು ವಿಷಯ, ಮುಂದಿನ ಸಲ ಆ ಪಟ್ಟಿಯಲ್ಲಿ ನನ್ನ ಹೆಸರೂ ಬರೀರಿ."

ಆದರೆ ವಸಂತಣ್ಣ ಒಪ್ಪಿರಲಿಲ್ಲ. ಸೈನ್ ಹಾಕಿದರೇನು, ರಜೆಗೆ ಊರಿಗೆ ಹೋದವಳು ಅಲ್ಲೇ ಇರಲಿ ಎನ್ನುವುದು ಅವರ ಮಾತು. "ಅವರು ಬಾಯಲ್ಲಿ ಬೈಯುದಿಲ್ಲ ಟೀಚರ್," ಎಂದರು ಲೀಲಕ್ಕ. "ಮೋಡ ಕಂಡ್ರೆ ಒಲೆ ಬಿಟ್ಟು ಫೋನ್ ಮಾಡ್ತಾರೆ. ಅದಕ್ಕೆ ಎಂತ ಹೇಳುದು?"

ಸರ್ಟಿಫಿಕೇಟಿನ ಕರಡು ಬಂದಾಗ ಪ್ರತಿ ಹೆಸರಿನ ಪಕ್ಕ ಪದವಿ ಅಚ್ಚಾಗಿತ್ತು. ನಾನು ಕಳಿಸಿದ ಕಾಲಂ ಹಾಗೇ ಹೋಗಿತ್ತು. ಕೊನೆಯ ಹದಿಮೂರರ ಪಕ್ಕ ಬಿಳಿ ಜಾಗ. ನನ್ನ ಹೆಸರು, ಮೂರು ಪದವಿ, ಎಷ್ಟು ಚೆಂದ ಕಾಣುತ್ತಿತ್ತು ಎಂದರೆ ಎರಡು ಸಲ ನೋಡಿದೆ. ಆಮೇಲೆ ಆಫೀಸಿಗೆ ಹೋಗಿ ಎಲ್ಲರ ಪದವಿಯನ್ನೂ ತೆಗೆಸಿದೆ. ಸ್ಟಾಫ್ ರೂಮಿನಲ್ಲಿ ಗುಸುಗುಸು ಆಯಿತು. "ಕಷ್ಟಪಟ್ಟು ಓದಿದ್ದೀವಿ, ಹಾಕಿದರೆ ತಪ್ಪೇನು?" ಎಂದು ಒಬ್ಬರು ನೇರವಾಗಿಯೇ ಕೇಳಿದರು. "ನಾನೂ ಕಷ್ಟಪಟ್ಟೇ ಓದೀನ್ರಿ," ಎಂದೆ. ಆದರೆ ಆ ಹಳೆಯ ಕರಡನ್ನು ಹರಿಯದೆ ಚೀಲದಲ್ಲಿ ಇಟ್ಟುಕೊಂಡೆ, ಅದೂ ನಿಜ.

ಜೂನ್ ಮೊದಲ ವಾರ ಸರ್ಟಿಫಿಕೇಟ್ ಕೊಟ್ಟರು. ಬಸ್ಸಿನವರಿಗೆ ಬಿಡುವಿರುವ ಬೆಳಗಿನ ಹೊತ್ತಿನಲ್ಲೇ, ಲೈಬ್ರರಿಯಲ್ಲಿ. ವಸಂತಣ್ಣ ಹೊಟೇಲಿನಿಂದ ನೇರ ಬಂದಿದ್ದರು. ಅಂಗಿಗೆ ಒಗ್ಗರಣೆಯ ವಾಸನೆ. ಬಾಗಿಲ ಹತ್ತಿರವೇ ನಿಂತಿದ್ದರು, ಬರ್ರಿ ಎಂದರೂ ಮುಂದೆ ಬರಲಿಲ್ಲ. ಡಾಕ್ಟರ್ ಮರಿಯಂ ಹೆಸರು ಕರೆದರು. ಲೀಲಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡು, ಫೋಟೋಗೆ ನಿಲ್ಲುವುದನ್ನೂ ಮರೆತು, ನೇರವಾಗಿ ಗಂಡನ ಹತ್ತಿರ ಹೋಗಿ ಕೊಟ್ಟರು.

ಅವರು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಡಿದರು. ಇಂಗ್ಲಿಷಿನ ಸಾಲುಗಳ ಮೇಲೆ ಕಣ್ಣು ಓಡಿಸಿ, ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದರು: "ಟೀಚರ್, ಇದ್ರಲ್ಲಿ ಆ ನೀರಿನ ವಿಷಯ ಎಲ್ಲಿಯಾದ್ರೂ ಬರೆದಿದ್ದಾರಾ?"

"ಇಲ್ರಿ. ಕಷ್ಟದಾಗ ಮಕ್ಕಳನ್ನ ನೋಡಿಕೊಳ್ಳೂದು ಕಲಿತಾರ ಅಂತ ಬರದೈತಿ. ಅಷ್ಟ."

"ಹೆಸರು ಸರಿ ಉಂಟಾ?"

"ಸರಿ ಐತ್ರಿ."

ಅವರು ಬೆರಳಿನಿಂದ ಆ ಹೆಸರನ್ನು ಮುಟ್ಟದೆ, ಮೇಲಿಂದಲೇ ಒಂದು ಸಲ ಸವರಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ರೂಮಿನ ಗೋಡೆಗೆ ಹಾಕುವ ಲೀಲಾ. ಇನ್ನೂ ಎರಡು ವರ್ಷ ಇರುದಲ್ವಾ, ಮೊಳೆ ಗಟ್ಟಿ ಹೊಡೀಬೇಕು."